ಕೆಲೆಪಿಗೆ ಕಾಣಬಾರದ್ದು

ನನ್ನ ಅಣ್ಣನ ಮಗ ಕೆಲೆಪಿಯನ್ನು ಹೊಸಬರು ನೋಡಿದರೆ ಹೆದರುತ್ತಾರೆ. ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬಾರದು, ಅಂಥ ಆಳು. ಆದರೆ ಅವನ ತಂಗಿ ಅನಸೇನಿ ಎದುರಿಗೆ ಬಂದಳೋ, ಅಷ್ಟು ದೊಡ್ಡ ದೇಹ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತದೆ. ಅವಳು ಕೂತ ಕೋಣೆಯಲ್ಲಿ ಅವನು ಕೂರುವುದಿಲ್ಲ. ಅವಳಿರುವಾಗ ಯಾರಾದರೂ ಪೋಲಿ ಮಾತಾಡಿದರೆ ಎದ್ದೇ ಹೋಗುತ್ತಾನೆ. ನಮ್ಮ ಟೋಂಗಾ ದ್ವೀಪದಲ್ಲಿ ಹುಟ್ಟಿದ ಗಂಡು ಹಾಗೇ ಇರಬೇಕು. ಸಮುದ್ರ ದಾಟಿ ಬಂದು ಈ ಮರ್ರಿ ನದಿ ದಂಡೆಯಲ್ಲಿ ದ್ರಾಕ್ಷಿ ಕೊಯ್ದರೂ ಅಷ್ಟೇ. ತಂಗಿಯ ಮೈಯ ವಿಚಾರ ಅಣ್ಣನ ಕಿವಿಗೆ ಬೀಳಬಾರದು.

ದ್ರಾಕ್ಷಿ ಷೆಡ್ಡಿನಲ್ಲಿ ನಾವು ಮೂವರೂ ಕೆಲಸಕ್ಕಿದ್ದೆವು. ಕೆಲೆಪಿ ಬಳ್ಳಿ ಸವರುವುದರಿಂದ ಶುರುಮಾಡಿ ತಂಡದ ಮುಖ್ಯಸ್ಥನಾದವನು. ಅವನು ಯಾರನ್ನಾದರೂ ಬೈದು ಕೆಲಸ ಮಾಡಿಸಿದ್ದನ್ನು ನಾನು ಕಂಡಿಲ್ಲ. ಯಾರ ಕೈಯಾದರೂ ನಿಧಾನವಾದರೆ ತಾನೇ ಪಕ್ಕಕ್ಕೆ ಬಂದು, ಚರ್ಚಿನಲ್ಲಿ ಹಾಡುವ ದಪ್ಪ ದನಿಯಲ್ಲಿ ಗುನುಗುತ್ತಾ ಪೆಟ್ಟಿಗೆ ತುಂಬಿಸುತ್ತಿದ್ದ. ತಂಗಿಗೆ ಏನಾದರೂ ಹೇಳುವುದಿದ್ದರೆ ನನಗೆ ಹೇಳುತ್ತಿದ್ದ, ನಾನು ಅವಳಿಗೆ ದಾಟಿಸುತ್ತಿದ್ದೆ. ಕೆಲಸ ಚೆನ್ನಾಗೇ ನಡೆಯುತ್ತಿತ್ತು.

ಆಮೇಲೆ ಬಂತು ಫೋನಿನ ಹಾಜರಿ. ಬಂದ ಹೊತ್ತು, ಹೋದ ಹೊತ್ತು, ರಜೆ, ರಜೆಗೆ ಕಾರಣ, ಎಲ್ಲವೂ ಅದರಲ್ಲೇ. ಕೆಲಸದವರಿಗೆ ತಮ್ಮದಷ್ಟೇ ಕಾಣುತ್ತದೆ, ಮುಖ್ಯಸ್ಥನಿಗೆ ತಂಡದವರೆಲ್ಲರದ್ದೂ ಕಾಣುತ್ತದೆ. ಯಾರಿಗೆ ಏನು ಕಾಣಬೇಕೆಂದು ಗೊತ್ತುಮಾಡುವವನು ಮ್ಯಾನೇಜರ್ ಡ್ಯಾರಿಲ್. ನಾನು ಅವತ್ತೇ ಅವನ ಆಫೀಸಿಗೆ ಹೋದೆ.

“ಡ್ಯಾರಿಲ್, ಅನಸೇನಿದು ಕೆಲೆಪಿಗೆ ಕಾಣ್ಬಾರ್ದು. ಅವಳ್ನ ಬೇರೆ ತಂಡಕ್ಕೆ ಹಾಕು. ಇಲ್ಲ, ಕಾರಣ ಬರೆಯೋ ಜಾಗಾನ ಅವನಿಗೆ ಮುಚ್ಚು.”

“ಆಯ್ತು ಆಂಟಿ, ನಾಳೆ ಮಾಡ್ತೀನಿ. ನಿಮ್ಮೋರ ಪದ್ಧತಿ ನಂಗೊತ್ತಿಲ್ವಾ? ನಿಮ್ಮನೆ ಊಟ ತಿಂದು ಬೆಳೆದಿರೋ ಹೊಟ್ಟೆ ಇದು!” ಎಂದು ಹೊಟ್ಟೆ ತಟ್ಟಿಕೊಂಡ.

ಅದು ನಿಜ. ಎಷ್ಟೋ ಭಾನುವಾರ ಕೆಸುವಿನೆಲೆಯಲ್ಲಿ ಕುರಿಮಾಂಸ ಕಟ್ಟಿ ಬೇಯಿಸಿ ನಾನೇ ಬಡಿಸಿದ್ದೆ. ನಾಳೆ ಬಂತು, ನಾಳಿದ್ದೂ ಬಂತು. ಕೇಳಿದಾಗಲೆಲ್ಲ “ಆಗೋಗಿದೆ ಬಿಡಿ” ಎಂದ. ಅನಸೇನಿಯೇ ಹೋಗಿ ಕೇಳಿದಾಗಲೂ ಅದನ್ನೇ ಹೇಳಿದ.

ಸುಗ್ಗಿಯ ನಡುವೆ ಅನಸೇನಿಯ ಬಸಿರು ಇಳಿದುಹೋಯಿತು. ಆಸ್ಪತ್ರೆಯ ಮಂಚದಿಂದಲೇ ರಜೆ ಕೇಳಿದಳು. ಬರೀ ಹುಷಾರಿಲ್ಲ ಎಂದರೆ ಫೋನು ಒಪ್ಪಲಿಲ್ಲ, ಕಾರಣ ಬಿಡಿಸಿ ಬರೆ ಎಂದಿತು. ಆಫೀಸಿನವರಷ್ಟೇ ಓದುತ್ತಾರೆಂದು ನಂಬಿ ಬರೆದಳು.

ನಮ್ಮಲ್ಲಿ ತಂಗಿಯ ಮಗು ಎಂದರೆ ಸೋದರಮಾವನ ತಲೆಯ ಮೇಲೆ ಕೂರುವ ಹಕ್ಕಿರುವ ಕೂಸು. ಅದು ಬರುವ ಸುದ್ದಿಯನ್ನೇ ಕೆಲೆಪಿಗೆ ಇನ್ನೂ ಹೇಳಿರಲಿಲ್ಲ. ಹೋದ ಸುದ್ದಿ ನೇರವಾಗಿ ಅವನ ಅಂಗೈಗೆ ಬಂತು. ರಕ್ತ ಹೋದದ್ದು, ಡಾಕ್ಟರು ಮಾಡಿದ್ದು, ಎಲ್ಲವೂ. ಅದರ ಕೆಳಗೆ ಎರಡು ಗುಂಡಿ: ಒಪ್ಪಿದೆ, ಒಪ್ಪಿಲ್ಲ.

ನನ್ನ ಹತ್ತಿರ ಬಂದು ಫೋನನ್ನು ಪೆಟ್ಟಿಗೆಯ ಮೇಲೆ ಮಗುಚಿ ಇಟ್ಟ.

“ಅತ್ತೆ, ಇದ್ರಲ್ಲಿ ಏನೋ ಬಂದಿದೆ. ನಾನ್ ನೋಡಿಲ್ಲ.”

“ಇಲ್ಲ ಮಗಾ, ನೀನ್ ನೋಡಿಲ್ಲ.”

“ಒಪ್ಪಿದೆ ಅಂತ ಒತ್ತಿದ್ರೆ ನೋಡ್ದೆ ಅಂತಾಗುತ್ತೆ. ಒತ್ತಲಿಲ್ಲ ಅಂದ್ರೆ ಅವಳು ಹೇಳ್ದೆ ಕೇಳ್ದೆ ಕೆಲಸ ತಪ್ಪಿಸಿದ್ಲು ಅಂತಾಗುತ್ತೆ. ಸುಗ್ಗೀಲಿ ತಪ್ಪಿಸಿದ್ರೆ ಕೆಲಸದಿಂದಾನೇ ತೆಗೀತಾರಲ್ಲ, ಅತ್ತೆ.”

ನಾನೇ ಫೋನು ತಿರುಗಿಸಿ ‘ಒಪ್ಪಿದೆ’ ಒತ್ತಿದೆ. ಅವನು ಪೆಟ್ಟಿಗೆಗಳ ಹಿಂದೆ ಹೋಗಿ ನೆಲದ ಮೇಲೆ ಕುಕ್ಕರಿಸಿದ. ನಾನು ಡ್ಯಾರಿಲ್ ಬಳಿಗೆ ನಡೆದೆ.

“ಆಗೋಗಿದೆ ಅಂದ್ಯಲ್ಲೋ! ತಂಗಿ ಬಸಿರು ಹೋಗಿದ್ದನ್ನ ಅಣ್ಣನ ಕೈಲಿ ಓದಿಸ್ದೆಯಲ್ಲೋ, ಥೂ!”

ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ. “ಓ, ಮರೆತೇಹೋಯ್ತು ನೋಡಿ. ಹೋಗ್ಲಿ ಬಿಡಿ, ಅಣ್ಣ ತಾನೇ ಆಂಟಿ, ಹೊರಗಿನೋನಾ? ಅವನೇ ರಜೆ ಒಪ್ಪಿದಾನೆ ನೋಡಿ, ಒಳ್ಳೇದೇ ಆಯ್ತು.”

“ಅವನೆಲ್ಲಿ ಒಪ್ದ? ಒತ್ತಿದ್ದು ನಾನು!”

ಅವನ ಮುಖದ ನಗು ಹೋಯಿತು. “ನೀವಾ? ಅವನ ಫೋನಲ್ಲಾ? ಮುಖ್ಯಸ್ಥನ ಅಧಿಕಾರಾನ ಬೇರೆಯವ್ರ ಕೈಗೆ ಕೊಡೋ ಹಾಗಿಲ್ಲ ಆಂಟಿ. ಅದ್ರಲ್ಲಿ ಜನರ ಗುಟ್ಟು ಇರುತ್ತೆ. ದೊಡ್ಡ ತಪ್ಪು ಇದು.”

ಗುಟ್ಟಂತೆ! ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಈ ಮನುಷ್ಯನಿಗೆ ಮಾಂಸದ ಒಳ್ಳೊಳ್ಳೆಯ ತುಂಡು ಆರಿಸಿ ಬಡಿಸಿದ್ದೆನಲ್ಲ! ಆ ಕೈಯನ್ನು ಉಪ್ಪು ಹಾಕಿ ತಿಕ್ಕಿ ತೊಳೆಯಬೇಕೆನ್ನಿಸಿತು.

ಅವನು ಕೆಲೆಪಿಯನ್ನು ಕರೆಸಿದ. ನಮ್ಮಿಬ್ಬರ ಎದುರಿಗೇ ಕಂಪ್ಯೂಟರಿನಲ್ಲಿ ಕೆಲೆಪಿಯ ಹೆಸರು ತೆರೆದು, ಮುಖ್ಯಸ್ಥ ಎಂಬುದರ ಮುಂದಿದ್ದ ಗುರುತನ್ನು ತೆಗೆದ. ಒಂದೇ ಒಂದು ಒತ್ತು. ‘ರಜೆಯ ಕಾರಣ ಕಾಣಲಿ’ ಎಂಬ ಗುರುತು ಅದರ ಕೆಳಗಿನ ಸಾಲಿನಲ್ಲೇ ಇತ್ತು. ನಾನು ಅಷ್ಟು ದಿನ ಅಂಗಲಾಚಿದ್ದು ಅದನ್ನು ತೆಗೆ ಎಂದೇ.

“ನಾಳೆಯಿಂದ ನೀನೂ ಪೆಟ್ಟಿಗೆ ತುಂಬೋ ಕೆಲಸಕ್ಕೆ ಬಾ ಕೆಲೆಪಿ. ನಿಯಮ ಅಂದ್ರೆ ನಿಯಮ, ಏನ್ ಮಾಡೋದು?”

ಕೆಲೆಪಿ ಮೇಜು ಎತ್ತಿ ಮಗುಚಲಿ ಎಂದು ನಾನು ಕಾದೆ. ಅವನು ನೆಲ ನೋಡುತ್ತಾ ಕೇಳಿದ:

“ಇನ್ಮೇಲೆ ಅವಳದೇನೂ ನಂಗೆ ಕಾಣಲ್ಲ ತಾನೇ?”

“ಏನೂ ಕಾಣಲ್ಲ.”

“ಉಪಕಾರ ಆಯ್ತು, ಡ್ಯಾರಿಲ್,” ಎಂದ. ಕೊಂಕಿನಿಂದ ಹೇಳಿದ್ದಲ್ಲ, ಮನಸಾರೆ ಹೇಳಿದ.