ಮೇಷ್ಟ್ರ ಮನೆಯ ಮುದ್ದೆ

ಚೌಳಹಿರಿಯೂರಿನ ವಿಶಾಲಾಕ್ಷಮ್ಮ ಮದುವೆಯಾಗಿ ತರೀಕೆರೆಗೆ ಬಂದದ್ದು ಎಪ್ಪತ್ತೊಂದರಲ್ಲಿ. ಗಂಡ ಷಡಕ್ಷರಿ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು, ಸಣಕಲು ಮೈಯವನು. ಅವಳದು ತುಂಬಿಕೊಂಡ ಮೈ. ತವರಿನಲ್ಲಿ ರಾಗಿ ಮೂಟೆಯನ್ನು ಒಬ್ಬಳೇ ಎತ್ತಿ ಅಟ್ಟಕ್ಕೇರಿಸುತ್ತಿದ್ದವಳು. ಹೆಣ್ಣು ನೋಡಲು ಬಂದಾಗ ಷಡಕ್ಷರಿ ಏನೂ ಅನ್ನಲಿಲ್ಲ. ಆದರೆ ಮದುವೆಯ ಫೋಟೋ ನೋಡಿದ ಇನ್ನೊಬ್ಬ ಮೇಷ್ಟ್ರು, "ಇದ್ರಲ್ಲಿ ನಿಮ್ಮನ್ನ ಹುಡುಕ್ಬೇಕಲ್ರೀ" ಎಂದು ನಕ್ಕುಬಿಟ್ಟರು. ಆ ನಗು ಅವನ ಮನಸ್ಸಿನಲ್ಲಿ ಕೂತಿತು.

ಷಡಕ್ಷರಿ ಬೆಂಗಳೂರಿನಿಂದ ಒಂದು ಇಂಗ್ಲಿಷ್ ಪುಸ್ತಕ ತರಿಸಿದ. ಯಾವ ತಿನಿಸಿಗೆ ಎಷ್ಟು ಕ್ಯಾಲೊರಿ ಎಂದು ಅದರಲ್ಲಿತ್ತು.

"ಇನ್ಮೇಲೆ ಲೆಕ್ಕ ಹಾಕಿ ತಿನ್ಬೇಕು ಕಣೇ. ಮೈ ಅನ್ನೋದು ಒಂದು ಮಿಷಿನ್ನು. ಹಾಕಿದ್ದು ಜಾಸ್ತಿಯಾದ್ರೆ ಕೊಬ್ಬಾಗಿ ಕೂತ್ಕೊಳ್ಳುತ್ತೆ."

"ಮುದ್ದೆಗೆ ಎಷ್ಟು ಅಂತ ಬರ್ದಿದಾರೆ?" ಅವಳು ಕೇಳಿದಳು.

ಪುಸ್ತಕದಲ್ಲಿ ಮುದ್ದೆ ಇರಲಿಲ್ಲ. ನವಣೆ ಅನ್ನ, ಹುರುಳಿ ಸಾರು, ಹುಚ್ಚೆಳ್ಳು ಚಟ್ನಿ, ಅಣ್ಣೆಸೊಪ್ಪು ಯಾವುದೂ ಇರಲಿಲ್ಲ. ಇದ್ದದ್ದು ಬ್ರೆಡ್ಡು, ಬಿಸ್ಕತ್ತು. ಲೆಕ್ಕ ಸಿಗದ್ದನ್ನು ಅವಳು ತಿನ್ನಕೂಡದು ಎಂದಾಯಿತು. ಬೆಳಿಗ್ಗೆ ಎರಡು ಚೂರು ಬ್ರೆಡ್ಡು, ಸಕ್ಕರೆಯ ಬದಲು ಮಾತ್ರೆ ಹಾಕಿದ ಟೀ, ಮಧ್ಯಾಹ್ನ ತೂಗಿ ಕೊಟ್ಟ ಒಂದು ಹಿಡಿ ಅನ್ನ. ಅವನು ಮಾತ್ರ ಬಿಳಿ ಅನ್ನಕ್ಕೆ ತುಪ್ಪ ಸುರಿಸಿಕೊಂಡು ಉಣ್ಣುತ್ತಿದ್ದ. ಬಡಿಸುವವಳು ಅವಳೇ.

ಸುಗ್ಗಿ ಮುಗಿದ ಮೇಲೆ ಅವಳ ಅಣ್ಣ ಚನ್ನಬಸಪ್ಪ ರಾಗಿ, ನವಣೆ ತಂದು ಇಳಿಸಿಹೋದ. ಷಡಕ್ಷರಿ ಅದನ್ನು ನೆರೆಮನೆಯವರ ಎಮ್ಮೆಗೆ ಕೊಟ್ಟುಬಿಟ್ಟ. ತವರಿನ ಕಾಳು ತಿಂದು ಎಮ್ಮೆಯ ಮೈ ಮಿರಮಿರ ಮಿಂಚತೊಡಗಿತು. ವಿಶಾಲಾಕ್ಷಮ್ಮ ಬಟ್ಟೆ ಒಗೆಯುತ್ತ ಹಿತ್ತಿಲಿನಿಂದ ನೋಡುತ್ತಿದ್ದಳು.

ಅವಳ ಮೈ ಇಳಿಯಿತು. ಕೂದಲು ಉದುರಿತು, ಬಳೆ ಮೊಣಕೈವರೆಗೂ ಜಾರತೊಡಗಿತು. ಷಡಕ್ಷರಿ ಸಂತೋಷದಿಂದ ಸ್ಟುಡಿಯೋಕ್ಕೆ ಕರೆದೊಯ್ದು ಇನ್ನೊಂದು ಫೋಟೋ ತೆಗೆಸಿದ.

ಎಪ್ಪತ್ತೈದರಲ್ಲಿ ಬಸುರಾದಳು. ಅವನು ಪುಸ್ತಕ ನೋಡಿ ಇನ್ನೆರಡು ಬಿಸ್ಕತ್ತು ಹೆಚ್ಚಿಸಿದ. ಏಳು ತುಂಬುವ ಹೊತ್ತಿಗೆ ಬಾವಿಕಟ್ಟೆಯ ಹತ್ತಿರ ತಲೆ ಸುತ್ತಿ ಬಿದ್ದಳು. ಆಸ್ಪತ್ರೆಯಲ್ಲಿ ಹುಟ್ಟಿದ ಹೆಣ್ಣುಕೂಸು ಸಂಜೆಯವರೆಗೂ ಉಳಿಯಲಿಲ್ಲ.

"ಮೈಯಲ್ಲಿ ರಕ್ತಾನೇ ಇಲ್ವಲ್ಲಮ್ಮ. ಏನು ಊಟ ಮಾಡ್ತಿದ್ರಿ?" ಲೇಡಿ ಡಾಕ್ಟರು ಕೇಳಿದರು.

ಅವಳಿಗೆ ಮಾತಾಡುವ ತ್ರಾಣವಿರಲಿಲ್ಲ. ಷಡಕ್ಷರಿ ಮುಂದೆ ಬಂದು ದಿನಕ್ಕೆ ಎಷ್ಟು ಕ್ಯಾಲೊರಿ ಎಂದು ಹೇಳಿದ.

"ನಾನು ಊಟ ಏನು ಅಂತ ಕೇಳಿದ್ದು ಕಣ್ರೀ," ಎಂದರು ಡಾಕ್ಟರು.

ಚನ್ನಬಸಪ್ಪ ತಂಗಿಯನ್ನು ಚೌಳಹಿರಿಯೂರಿಗೆ ಕರೆದುಕೊಂಡು ಹೋದ. ಅಲ್ಲಿ ಅತ್ತಿಗೆ ಬಿಸಿ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಎಂದು ಬಡಿಸಿದಳು. ಎಷ್ಟು ತಿಂದೆ ಎಂದು ಯಾರೂ ಕೇಳಲಿಲ್ಲ. ಮೊದಮೊದಲು ಅವಳು ಮುದ್ದೆ ಮುರಿದು ಕೈಯಲ್ಲಿ ಹಿಡಿದುಕೊಂಡು ಸುತ್ತ ನೋಡುತ್ತಿದ್ದಳಂತೆ, ಯಾರಾದರೂ ಕಿತ್ತುಕೊಳ್ಳುವರೇನೋ ಎನ್ನುವಂತೆ.

ಮೈ ಕೂಡಿದ ಮೇಲೆ ರಾಗಿ, ನವಣೆ ಮೂಟೆಯೊಂದಿಗೇ ತರೀಕೆರೆಗೆ ವಾಪಸು ಬಂದು ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಳು.

"ನನ್ನ ಊಟ ನಾನು ಮಾಡ್ಕೊತೀನಿ. ನಿಮ್ಮ ಪುಸ್ತಕ ನೀವಿಟ್ಕೊಳ್ಳಿ."

"ಮತ್ತೆ ದಪ್ಪ ಆಗ್ತೀಯ ಕಣೇ."

"ಆಗ್ಲಿ."

ಆದಳು. ಮುಖಕ್ಕೆ ಕಳೆ ಬಂತು, ಮತ್ತೆ ಮೂಟೆ ಎತ್ತಿದಳು. ಮಕ್ಕಳು ಮಾತ್ರ ಆಗಲಿಲ್ಲ. ಷಡಕ್ಷರಿ ಅವಳ ಜೊತೆ ಬೀದಿಗೆ ಹೋಗುವುದನ್ನೇ ಬಿಟ್ಟ.

ಎಂಬತ್ತರ ದಶಕದ ನಡುವೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಅಂಗಾಲು ಉರಿಯುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟು, ಬಿಳಿ ಅನ್ನ ಕಡಿಮೆ ಮಾಡಿ ಎಂದರು. ಒಂದು ಮಧ್ಯಾಹ್ನ ಅವನು ತಟ್ಟೆ ಹಿಡಿದು ಹಿತ್ತಿಲ ಒಲೆಯ ಹತ್ತಿರ ಬಂದು ಕೂತ. ಕೊಡಬಾರದು ಎಂದು ಅವಳ ಮನಸ್ಸು ಹೇಳಿತು. ಆದರೆ ತಟ್ಟೆ ಹಿಡಿದು ಕೂತವರಿಗೆ ಇಲ್ಲ ಅಂದು ಅವಳಿಗೆ ಅಭ್ಯಾಸವಿರಲಿಲ್ಲ. ನವಣೆ ಅನ್ನ, ಹುರುಳಿ ಸಾರು ಬಡಿಸಿದಳು. ಮರುದಿನವೂ ಬಂದ. ಬರಬರುತ್ತಾ ಸಕ್ಕರೆ ಹತೋಟಿಗೆ ಬಂತು.

ಆಮೇಲೆ ಷಡಕ್ಷರಿ ಮೇಷ್ಟ್ರು ಭಾಷಣಕ್ಕೆ ನಿಂತರು. ಅಜ್ಜಂಪುರದಲ್ಲಿ, ಶಿವನಿಯಲ್ಲಿ, ಲಿಂಗದಹಳ್ಳಿಯಲ್ಲಿ ಕರೆದು ಹಾರ ಹಾಕಿದರು. ಕ್ಯಾಲೊರಿ ಲೆಕ್ಕ ಬಿಡಿ, ಹೊಲದ ಕಾಳು, ಬೇಲಿಯ ಸೊಪ್ಪು ತಿನ್ನಿ ಎಂದು ಹೇಳುತ್ತಿದ್ದರು. ಹೇಳಿದ್ದು ಸುಳ್ಳಲ್ಲ. ಕೇಳಿದವರು ಮನೆಗೂ ಬರತೊಡಗಿದರು. ವಿಶಾಲಾಕ್ಷಮ್ಮ ಬಂದವರಿಗೆಲ್ಲ ಮುದ್ದೆ ತಿರುವಿದಳು.

ಒಂದು ಭಾನುವಾರ ಪಡಸಾಲೆಯಲ್ಲಿ ನಾಲ್ಕಾರು ಜನ ಊಟಕ್ಕೆ ಕೂತಿದ್ದರು. ಮೇಷ್ಟ್ರು ಹೇಳುತ್ತಿದ್ದರು: "ಇದನ್ನ ನಾನು ಎಷ್ಟೋ ವರ್ಷದ ಹಿಂದೇನೇ ಕಂಡ್ಕೊಂಡೆ. ಮೊದ್ಲು ನಮ್ಮ ಮನೆಯವರ ಮೇಲೇ ಪ್ರಯೋಗ ಮಾಡಿ ನೋಡ್ದೆ. ಈಗ ನೋಡಿ, ಹೇಗಿದಾರೆ!"

ಸಾರು ಬಡಿಸುತ್ತಿದ್ದ ವಿಶಾಲಾಕ್ಷಮ್ಮ ಸೌಟು ಪಾತ್ರೆಗಿಟ್ಟು ನೆಟ್ಟಗೆ ನಿಂತಳು.

"ಪ್ರಯೋಗ ಮಾಡಿದ್ದು ನಿಜ. ಅದ್ರಲ್ಲಿ ನಮ್ಮ ಮಗು ಹೋಯ್ತು. ಇದ್ದಿದ್ರೆ ಈ ವರ್ಷ ಹೈಸ್ಕೂಲಿಗೆ ಹೋಗ್ತಿತ್ತು. ಅದನ್ನೂ ಹೇಳ್ರಿ."

ಮುದ್ದೆ ಮುರಿಯುತ್ತಿದ್ದ ಕೈಗಳು ನಿಂತವು. ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಅವರು ಬೆರಳನ್ನು ಸಾರಿಗೆ ಅದ್ದಿ ನಾಲಿಗೆಗಿಟ್ಟುಕೊಂಡು, "ಉಪ್ಪು ಒಂಚೂರು ಕಮ್ಮಿ ಆಗಿದೆ ನೋಡು," ಎಂದರು.

ಯಾರೋ ಕೆಮ್ಮಿದರು. ಮತ್ತೆ ಎಲ್ಲರೂ ತಲೆ ತಗ್ಗಿಸಿ ಉಂಡರು.

ಅವತ್ತಿನಿಂದ ಅವಳು ಬಂದವರಿಗೆ ಅಡುಗೆ ಮಾಡಲಿಲ್ಲ. ಮೇಷ್ಟ್ರು ಅವರನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಇಡ್ಲಿ ಕೊಡಿಸತೊಡಗಿದರು. ಭಾಷಣ ನಿಲ್ಲಲಿಲ್ಲ. ಹೆಂಡತಿಯ ಮೇಲೆ ಪ್ರಯೋಗ ಮಾಡಿದ ಮಾತೊಂದನ್ನು ಅದರಿಂದ ತೆಗೆದುಹಾಕಿದರು. ಅವಳೆದುರು ಆ ಮಗುವಿನ ಬಗ್ಗೆ ಒಂದು ಮಾತು ಕೊನೆಗೂ ಆಡಲಿಲ್ಲ.