ಗಾಡಿ ನಿಲ್ಲಿಸುವ ಕೆಲಸ

ಮಧ್ಯಾಹ್ನದ ಬಿಸಿಲಲ್ಲಿ ಕಾದ ಸ್ಕೂಟರಿನ ಸೀಟಿಗೆ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ರೆಕ್ಸಿನ್ನು, ಧೂಳು, ಒಂದಿಷ್ಟು ಪೆಟ್ರೋಲು, ಮೂರನ್ನೂ ಕೂಡಿಸಿ ಹೆಂಚಿನ ಮೇಲೆ ಹುರಿದಂಥ ವಾಸನೆ. ಮೊನ್ನೆ ಕೊಂಡ್ಲಹಳ್ಳಿಯಲ್ಲಿ ಮಗಳ ನಾದಿನಿಯ ಸೀಮಂತಕ್ಕೆ ಹೋಗಿದ್ದೆ. ಊಟ ಮುಗಿಸಿ ಹೊರಗೆ ಬಂದು ನನ್ನ ಗಾಡಿಯ ಮೇಲೆ ಕೈ ಇಟ್ಟರೆ ಚುರ್ ಅಂದಿತು. ಬೆಳಿಗ್ಗೆ ನೆರಳು ನೋಡಿಯೇ ನಿಲ್ಲಿಸಿದ್ದೆ. ಆದರೆ ನಾನು ಬರುವ ತನಕ ಅಲ್ಲೇ ಕಾದಿರಲು ನೆರಳೇನು ನನ್ನ ಮನೆಯ ಆಳೇ? ಸೀಟಿಗೆ ಒಂದಿಷ್ಟು ನೀರು ಚಿಮುಕಿಸಿ, ಆರಲಿ ಎಂದು ಜಗಲಿಯ ಮೇಲೆ ಕೂತೆ. ನೀವೂ ಒಂದು ಗಳಿಗೆ ಕೂತುಕೊಳ್ಳಿ, ಅಷ್ಟರಲ್ಲಿ ನೆನಪಾದದ್ದನ್ನು ಹೇಳಿಬಿಡುತ್ತೇನೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಗಾಡಿ ನಿಲ್ಲಿಸುವ ಕೆಲಸದಲ್ಲಿದ್ದೆ. ಅದಕ್ಕೂ ಮೊದಲು ಅಲ್ಲೇ ನೆಲ ಒರೆಸುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವಳು ಎಂಬ ಜಂಬ ಒಳಗೆ ಇತ್ತು, ಕೈಯಲ್ಲಿ ಮಾತ್ರ ಬಕೆಟ್ಟು. ನೆಲ ಒರೆಸುವವಳಿಗೆ ಹೆಸರು ಇರುವುದಿಲ್ಲ ಕಣ್ರೀ. "ಏಯ್, ಇಲ್ಲಿ ಚಹಾ ಚೆಲ್ಲೈತೆ ನೋಡು" ಅಂದರೆ ಅದು ನಾನು. ಗಾಡಿ ಕಾಯುತ್ತಿದ್ದ ಮುದುಕ ನಿವೃತ್ತನಾದಾಗ ಪ್ರಿನ್ಸಿಪಾಲರು ಒಂದು ವಿಷಲ್ ತಂದು ನನ್ನ ಕೈಗಿಟ್ಟರು. "ನಿನ್ನ ಗಂಟಲು ಮೂರನೇ ಬೀದಿಗೆ ಕೇಳ್ತೈತೆ. ಈ ಕೆಲಸಕ್ಕೆ ಇನ್ನೇನು ಬೇಕು?" ಅಂದರು. ಹೊಗಳಿದರೋ ಬೈದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಆ ವಿಷಲ್ ಕೊರಳಿಗೆ ಬಿದ್ದ ವಾರದೊಳಗೆ ನಾನು ಎಲ್ಲರಿಗೂ "ಅಕ್ಕ" ಆಗಿದ್ದೆ.

ನಮ್ಮ ಕಡೆ ಗಾಡಿ ನಿಲ್ಲಿಸುವುದು ಎಂದರೆ ಜಾಗದ ಜಗಳವಲ್ಲ, ನೆರಳಿನ ಜಗಳ. ಜಾಗ ಬೇಕಾದಷ್ಟಿತ್ತು, ಆಚೆ ಜಾಲಿ ಗಿಡಗಳ ತನಕ ಬಯಲೇ ಬಯಲು. ನೆರಳು ಕೊಡುವ ಬೇವಿನ ಮರ ಮಾತ್ರ ಬೆರಳೆಣಿಕೆ. ಬೆಳಿಗ್ಗೆ ಮರದ ಪಡುವಣಕ್ಕೆ ಬಿದ್ದ ನೆರಳು ಊಟದ ಹೊತ್ತಿಗೆ ಬುಡಕ್ಕೆ ಬಂದು, ಸಾಯಂಕಾಲಕ್ಕೆ ಮೂಡಣಕ್ಕೆ ಹೋಗುತ್ತಿತ್ತು. ಸುಣ್ಣದಲ್ಲಿ ಗೆರೆ ಎಳೆದು ಇದು ಲೆಕ್ಚರರ ಸಾಲು, ಇದು ಹುಡುಗರದ್ದು, ಇದು ಹುಡುಗಿಯರ ಸೈಕಲ್ಲಿನದ್ದು ಎಂದು ಹಂಚಿದ್ದೆ. ವಯಸ್ಸಾದ ಲೆಕ್ಚರರೊಬ್ಬರ ಸ್ಕೂಟರನ್ನು ಒಂದು ಮಧ್ಯಾಹ್ನ ಪಾಪ ಎಂದು ನೆರಳಿಗೆ ತಳ್ಳಿದ್ದೇ ತಪ್ಪಾಯಿತು. ಮಾರನೆಯ ದಿನ ಇನ್ನೊಬ್ಬರು, ಅದರ ಮಾರನೆಯ ದಿನ ಮತ್ತೊಬ್ಬರು, "ಅಕ್ಕಾ, ನಂದೂ ಒಂಚೂರು" ಎಂದು ಬೀಗದ ಕೈ ಕೊಟ್ಟು ಹೋಗತೊಡಗಿದರು. ಸೊಂಟದಲ್ಲಿ ಗೊಂಚಲು ಸಿಕ್ಕಿಸಿಕೊಂಡು, ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಸಾಲಿಗೆ ಸಾಲನ್ನೇ ಮರದ ಈ ಕಡೆಯಿಂದ ಆ ಕಡೆಗೆ ನೂಕುತ್ತಿದ್ದೆ. ತುಂಬಿದ ಮನೆಯ ಅತ್ತೆಗೂ ಅಷ್ಟು ಠೀವಿ ಇರಲಿಕ್ಕಿಲ್ಲ.

ನೂಕುತ್ತಿದ್ದೆ ಅಂದೆ, ಗಮನಿಸಿ. ಓಡಿಸುತ್ತಿದ್ದೆ ಅನ್ನಲಿಲ್ಲ. ಬರುತ್ತಿದ್ದರೆ ತಾನೆ? ಸೈಕಲ್ಲೂ ಹತ್ತಿದವಳಲ್ಲ ನಾನು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಮಾತು ಕೇಳದವರು ಇಡೀ ಕಾಲೇಜಿನಲ್ಲಿ ಒಬ್ಬರೇ, ಅರ್ಥಶಾಸ್ತ್ರದ ಸುಮಿತ್ರಾ ಮೇಡಂ. ಅವರ ಹಸಿರು ಮೊಪೆಡ್ ಸುಣ್ಣದ ಗೆರೆಯ ಮೇಲೆ ಅಡ್ಡಡ್ಡ ಮಲಗಿದ ಎಮ್ಮೆಯ ಹಾಗೆ ನಿಂತಿರುತ್ತಿತ್ತು. "ಮೇಡಂ, ಗೆರೆ!" ಎಂದು ಕೂಗಿದರೆ, "ಕ್ಲಾಸಿಗೆ ಲೇಟಾಗೈತೆ ಅಕ್ಕ, ನಾಳೆಯಿಂದ!" ಎಂದು ಸೆರಗು ಹಾರಿಸಿಕೊಂಡು ಓಡುವರು. ಆ ನಾಳೆ ಬಂದದ್ದನ್ನು ನಾನಂತೂ ಕಾಣಲಿಲ್ಲ. ಒಮ್ಮೆ ಸಿಟ್ಟು ನೆತ್ತಿಗೇರಿ ಅವರ ಮೊಪೆಡ್ಡಿಗೆ ಸರಪಳಿ ಬಿಗಿದು ಬೀಗ ಹಾಕಿದೆ. ಸಂಜೆ ಬಂದು ನೋಡಿ, ನಕ್ಕು, ನನ್ನ ಪಕ್ಕದಲ್ಲೇ ಕೂತು ಅರ್ಧ ಗಂಟೆ ಹರಟೆ ಹೊಡೆದರು. ಕೊನೆಗೆ ಬೀಗ ತೆಗೆದು, ಮೊಪೆಡ್ಡನ್ನು ಗೇಟಿನ ತನಕ ನೂಕಿಕೊಟ್ಟವಳೂ ನಾನೇ.

ಕಷ್ಟ ಬಂದದ್ದು ಆಷಾಢದಲ್ಲಿ. ಚಳ್ಳಕೆರೆಯ ಆಷಾಢದ ಗಾಳಿ ನಿಮಗೆ ಗೊತ್ತಲ್ಲ, ಮಳೆ ತರುವುದಿಲ್ಲ, ಇದ್ದ ಮೋಡವನ್ನೂ ಓಡಿಸಿಕೊಂಡು ಹೋಗುತ್ತದೆ. ಆ ಗಾಳಿಗೆಂದೇ ನಾನು ಒಂದೊಂದು ಗಾಡಿಯ ಸ್ಟ್ಯಾಂಡಿನ ಕೆಳಗೂ ಅರ್ಧ ಇಟ್ಟಿಗೆ ಕೊಡುತ್ತಿದ್ದೆ. ಒಂದು ದಿನ ಯಾವನೋ ಪುಣ್ಯಾತ್ಮ ಒಲೆ ಹೂಡಲಿಕ್ಕೋ ಏನೋ ಒಂದು ಇಟ್ಟಿಗೆ ಎತ್ತಿಕೊಂಡು ಹೋಗಿದ್ದ. ಗಾಳಿ ಬೀಸಿತು, ತುದಿಯ ಬೈಕು ಪಕ್ಕದ್ದರ ಮೇಲೆ ಬಿತ್ತು, ಅದು ಅದರ ಪಕ್ಕದ್ದರ ಮೇಲೆ. ಧಡಧಡ ಸದ್ದಿಗೆ ಕ್ಲಾಸುಗಳೆಲ್ಲ ಕಿಟಕಿಗೆ ಬಂದವು. ಕೊನೆಯ ಸ್ಕೂಟರು ಒರಗಿದ್ದು ಆಡಳಿತ ಮಂಡಳಿಯ ಅಧ್ಯಕ್ಷರ ಬಿಳಿ ಕಾರಿನ ಬಾಗಿಲಿಗೆ.

ಅಧ್ಯಕ್ಷರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಗೀರು ಬಿದ್ದ ಬಾಗಿಲನ್ನು ಸವರಿ, "ಏಯ್, ಬಿದ್ದಿರೋ ಸ್ಕೂಟ್ರು ಸ್ಟಾರ್ಟ್ ಮಾಡಿ ಈ ಕಡೆ ತಗಂಬಾ" ಅಂದರು. ನಾನು ಎಂದಿನಂತೆ ನೂಕಲು ಹೋದೆ. ಹ್ಯಾಂಡಲ್ಲು ಸೊಟ್ಟಗಾಗಿದ್ದ ಸ್ಕೂಟರು ಜಗ್ಗಲಿಲ್ಲ. "ಸ್ಟಾರ್ಟ್ ಮಾಡೇ." ನಾನು ಮತ್ತೆ ನೂಕಲು ನೋಡಿದೆ. ಅವರು ಪ್ರಿನ್ಸಿಪಾಲರ ಕಡೆ ತಿರುಗಿ, "ಗಾಡಿ ಓಡಿಸಾಕೇ ಬರಲ್ಲ, ಇವಳನ್ನ ಗಾಡಿ ಕಾಯಾಕೆ ಇಟ್ಕಂಡೀರಾ? ಯಾರಾದ್ರೂ ಗಂಡಸನ್ನ ಹಾಕ್ರಿ. ಇವಳು ನೆಲ ಒರೆಸ್ಲಿ" ಅಂದರು. ಪ್ರಿನ್ಸಿಪಾಲರು ಏನೇನೋ ಸಮಾಧಾನ ಹೇಳಿ, ದಸರಾ ರಜೆಗೆ ಮೊದಲಿನ ಮೀಟಿಂಗಿನ ತನಕ ಗಡುವು ಕೊಡಿಸಿದರು. ಆ ದಿನ ನಾನು ಮಂಡಳಿಯವರ ಕಣ್ಣೆದುರು ಗೇಟಿನಿಂದ ಬೇವಿನ ಮರದ ತನಕ ಗಾಡಿ ಓಡಿಸಿ ನಿಲ್ಲಿಸಬೇಕು. ಆಗದಿದ್ದರೆ ವಿಷಲ್ ಕೊಟ್ಟು ಬಕೆಟ್ ಹಿಡಿಯಬೇಕು.

ಎಣ್ಣೆ ಮಿಲ್ಲಿನ ಕೆಲಸ ಮುಗಿಸಿ ಬಂದ ನನ್ನ ಗಂಡ ಇದನ್ನೆಲ್ಲ ಕೇಳಿ, "ಅಲ್ಲ ಕಣೇ, ಎರಡಕ್ಕೂ ಸಂಬಳ ಒಂದೇ. ನೆಲ ಒರೆಸಿದ್ರೆ ಬಿಸಿಲಿಲ್ಲ, ಗಾಳಿಯಿಲ್ಲ. ಒಳ್ಳೇದೇ ಆತಲ್ಲ" ಅಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಅಳು ಬಂತು. ಬಿಸಿಲು ಬೇಕಾಗಿತ್ತು ನನಗೆ. ಮತ್ತೆ "ಏಯ್" ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಅದನ್ನು ಹೇಳಲು ಬಾರದೆ, "ಸಾರು ಆರ್ತೈತೆ, ಉಣ್ಣು" ಎಂದು ಗದರಿದೆ.

ಮರುದಿನ ಗೇಟಿನ ಪಾಪಣ್ಣನಿಗೆ ಹೇಳಿಕೊಂಡೆ. ಮೊಳಕಾಲ್ಮೂರಿನ ಕಡೆಯವನು, ದುಃಖವಾದರೂ ಖುಷಿಯಾದರೂ ಅವನಿಗೆ ತೆಲುಗು ಬಂದುಬಿಡುತ್ತಿತ್ತು. "ಪೋನೀಲೇ ಅಕ್ಕ, ಏನೂ ಆಗಲ್ಲ, ಕಲಿ" ಅಂದ. ಯಾರ ಹತ್ತಿರ ಕಲಿಯುವುದು? ಹಿಂದೆ ನಿಂತು ಕೇಳಿಸಿಕೊಂಡಿದ್ದ ಸುಮಿತ್ರಾ ಮೇಡಂ ಬೀಗದ ಕೈಯನ್ನು ನನ್ನ ಮೂಗಿನ ಮುಂದೆ ಆಡಿಸಿದರು. "ಸಂಜೆ ಮೈದಾನಕ್ಕೆ ಬಾ ಅಕ್ಕ. ನಂಗೆ ಸರಪಳಿ ಹಾಕಿದ್ದಕ್ಕೆ ಸೇಡು ತೀರಿಸ್ಕಂತೀನಿ."

ತೀರಿಸಿಕೊಂಡರು. ನೆಲದ ಬಟ್ಟೆ ಹಿಂಡಿ ಹಿಂಡಿ ರೂಢಿಯಾದ ಕೈ ನನ್ನದು; ಆಕ್ಸಿಲೇಟರ್ ಸಿಕ್ಕಿದ ತಕ್ಷಣ ಅದನ್ನೂ ಹಾಗೇ ಹಿಂಡಿದೆ. ಮೊಪೆಡ್ಡು ಹಾರಿತು. "ಅಕ್ಕಾ, ನೀರು ಬರಲ್ಲ ಅದರಾಗೆ, ಮೆತ್ತಗೆ!" ಎಂದು ಮೇಡಂ ಹಿಂದೆ ಓಡುತ್ತಿದ್ದರೆ ನಾನು ಮುಂದೆ ಜಾಲಿ ಮುಳ್ಳಿನೊಳಗೆ. ಮುಳ್ಳು ಕೀಳುವುದಕ್ಕೆ ಒಂದು ಸಂಜೆ, ಪಂಕ್ಚರಿಗೆ ಒಂದು ಸಂಜೆ. ಖೋಖೋ ಆಡುವ ಹುಡುಗಿಯರು ಆಟ ನಿಲ್ಲಿಸಿ, "ಬ್ರೇಕ್ ಹಿಡೀರಿ ಅಕ್ಕಾ!" ಎಂದು ಕೂಗುತ್ತಿದ್ದರು. ಮಹಾನವಮಿ ಹತ್ತಿರವಾಗುವ ಹೊತ್ತಿಗೆ ನೆಟ್ಟಗೆ ಹೋಗುವುದು ಬಂತು. ತಿರುಗಿಸುವುದು ಅರೆಬರೆ. ನಿಲ್ಲಿಸುವುದು ದೇವರಿಚ್ಛೆ.

ಮೀಟಿಂಗಿನ ದಿನ ಮಂಡಳಿಯವರು ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತು, ಸೆರಗು ಸೊಂಟಕ್ಕೆ ಬಿಗಿದು, ಮೇಡಂ ಮೊಪೆಡ್ ಹತ್ತಿ ಗೇಟಿನಿಂದ ಹೊರಟೆ. ಹೆದರಿಕೆಗೆ ಏನನ್ನಾದರೂ ಕಚ್ಚಿ ಹಿಡಿಯಬೇಕಿತ್ತು, ವಿಷಲ್ ಕಚ್ಚಿಕೊಂಡಿದ್ದೆ. ಉಸಿರು ಬಿಟ್ಟಾಗಲೆಲ್ಲ ಅದು ಪೀ ಅನ್ನುತ್ತಿತ್ತು. ಪೀ ಪೀ ಎಂದು ಅರಚುತ್ತ ಬರುವ ಮೊಪೆಡ್ ಕಂಡು ಹುಡುಗರು ದಿಕ್ಕಾಪಾಲಾಗಿ ಓಡಿದರು. ವರಾಂಡ ದಾಟಿದೆ, ತಿರುವನ್ನೂ ದಾಟಿದೆ. ಇನ್ನೇನು ಮರ ಬಂತು ಅನ್ನುವಾಗ ನನ್ನ ಕಣ್ಣಿಗೆ ಬಿದ್ದದ್ದು ಆ ಬಿಳಿ ಕಾರು. ಹುಡುಗಿಯರ ಸೈಕಲ್ ಸಾಲಿನಲ್ಲಿ, ಸುಣ್ಣದ ಗೆರೆಯ ಮೇಲೆ, ಇದ್ದ ನೆರಳನ್ನೆಲ್ಲ ನುಂಗಿಕೊಂಡು ನಿಂತಿತ್ತು. ಹುಡುಗಿಯರು ಸೈಕಲ್ ಹಿಡಿದು ಬಿಸಿಲಲ್ಲಿ ನಿಂತಿದ್ದರು.

ಪಕ್ಕದಲ್ಲಿ ದಾರಿ ಇತ್ತು. ಸುಮ್ಮನೆ ಹೋಗಿ ಮರದ ಕೆಳಗೆ ನಿಲ್ಲಿಸಿದ್ದರೆ ಪರೀಕ್ಷೆ ಮುಗಿಯುತ್ತಿತ್ತು. ಆದರೆ ನನಗೆ ಪರೀಕ್ಷೆಯೇ ಮರೆತುಹೋಯಿತು ನೋಡಿ! ಬ್ರೇಕ್ ಹಿಡಿದು, ಗಾಡಿಗೆ ಸ್ಟ್ಯಾಂಡ್ ಹಾಕಿ, ಉದ್ದಕ್ಕೆ ವಿಷಲ್ ಊದಿ, "ಯಾರ್ದ್ರೀ ಇದು ಕಾರು? ಹುಡುಗೇರು ಬಿಸಿಲಾಗೆ ನಿಂತಿರೋದು ಕಾಣಲ್ವಾ? ತೆಗೀರಿ ಮೊದ್ಲು!" ಎಂದು ಕೂಗಿದೆ. ನನ್ನ ಗಂಟಲು, ಹೇಳಿದೆನಲ್ಲ, ಮೂರನೇ ಬೀದಿಗೆ ಕೇಳುವಂಥದ್ದು.

ವರಾಂಡದಲ್ಲಿ ಅಧ್ಯಕ್ಷರು ಎದ್ದು ನಿಂತರು. ಆಗ ನನಗೆ ಎಚ್ಚರವಾದ ಹಾಗಾಯಿತು. ಗೇಟಿನ ಕಡೆಯಿಂದ ಪಾಪಣ್ಣ "ಅಯಿಪೋಯಿಂದಿ" ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ಮುಗಿಯಿತು, ಹೌದು. ಬಕೆಟ್ಟು ಕಣ್ಣ ಮುಂದೆ ಬಂತು. ಅವರು ಮೆಟ್ಟಿಲಿಳಿದು ಬಂದರು, ಡ್ರೈವರನ್ನು ಹುಡುಕಿದರು. ಅವನು ಚಹಾಕ್ಕೆ ಹೋಗಿದ್ದ. ಅವರೇ ಕಾರು ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಎಲ್ಲಿ ಹಾಕ್ಲವ್ವ?"

ನನ್ನ ಕೈ ತಾನಾಗಿ ಎದ್ದಿತು. ಹಿಂದಕ್ಕೆ, ಇನ್ನೂ ಹಿಂದಕ್ಕೆ, ಎಡಕ್ಕೆ, ಸಾಕು. ಅವರು ಇಳಿದು ಬಾಗಿಲು ಹಾಕಿ, "ಕಾರಿಗೂ ಇಟ್ಟಿಗೆ ಕೊಡ್ತೀಯೇನವ್ವ?" ಎಂದು ಕೇಳಿ ನಕ್ಕರು. ಪ್ರಿನ್ಸಿಪಾಲರು ಓಡಿಬಂದು, "ಸರ್, ಇನ್ನೂ ಮರದ ತನಕ ಓಡಿಸೋದೈತೆ" ಎಂದು ನೆನಪಿಸಿದರೆ, "ಬಿಡ್ರಿ, ನೋಡಿದ್ದಾತು" ಎಂದು ಹೊರಟೇ ಹೋದರು. ಉಳಿದ ದಾರಿಗೆ ನಾನು ಮೊಪೆಡ್ ಹತ್ತಲಿಲ್ಲ. ನೂಕಿಕೊಂಡೇ ಹೋದೆ. ಸುಮಿತ್ರಾ ಮೇಡಂ ಬಂದು ಅಪ್ಪಿಕೊಂಡಾಗ ಹುಡುಗಿಯರೆಲ್ಲ ನೋಡುತ್ತಿರುವಾಗಲೇ ಗೊಳೋ ಎಂದು ಅತ್ತುಬಿಟ್ಟೆ. ಮಾರನೆಯ ದಿನ ಮೇಡಂ ಮೊಪೆಡ್ಡನ್ನು ಮತ್ತೆ ಗೆರೆಯ ಮೇಲೆ ಅಡ್ಡಕ್ಕೇ ನಿಲ್ಲಿಸಿದ್ದರು. ನಿವೃತ್ತಳಾಗುವ ತನಕ ನಾನು ಅದೇ ಬಿಸಿಲಲ್ಲಿ ಇದ್ದೆ.

ಹೀಗೆ ಜಗಲಿಯ ಮೇಲೆ ಒಬ್ಬಳೇ ನಗುತ್ತ ಕೂತಿದ್ದಾಗ ಬೀಗಿತ್ತಿ ಎಲೆ ಅಡಿಕೆ ಹಿಡಿದು ಬಂದರು, ಜೊತೆಗೆ ಅವರ ಕಡೆಯ ನಾಲ್ಕಾರು ಹೆಂಗಸರು. ಹಿಂದೆ ನನ್ನ ಮಗಳು. ಅವಳು ಮದುವೆಯಾದಾಗಿನಿಂದ ಆ ಮನೆಯಲ್ಲಿ "ನಮ್ಮವ್ವ ಕಾಲೇಜಾಗಿದ್ರು" ಎಂದಷ್ಟೇ ಹೇಳಿ ನಿಲ್ಲಿಸುತ್ತಾಳೆ. ಕೇಳಿದವರು ಲೆಕ್ಚರರು ಎಂದುಕೊಳ್ಳುತ್ತಾರೆ. ಮಗಳ ಮುಖ ನೋಡಿ ನಾನೂ ಸುಮ್ಮನಿರುತ್ತಿದ್ದೆ.

"ಕಾಲೇಜಾಗಿದ್ರಂತಲ್ಲಕ್ಕ," ಅಂದಳು ಅವರಲ್ಲೊಬ್ಬಳು. "ಏನು ಪಾಠ ಹೇಳ್ತಿದ್ರಿ?"

ಮಗಳು ಬೇರೆ ಕಡೆ ನೋಡಿದಳು.

"ಪಾಠ ಗೀಠ ಏನಿಲ್ಲ ಕಣವ್ವ," ಅಂದೆ. "ಗಾಡಿ ನಿಲ್ಲಿಸ್ತಿದ್ದೆ. ಅಧ್ಯಕ್ಷರಿಂದ ಹಿಡಿದು ಎಲ್ರೂ ನಾನು ಕೈ ತೋರಿಸಿದ ಕಡೇನೇ ನಿಲ್ಲಿಸ್ಬೇಕಿತ್ತು."

ಆ ಹೆಂಗಸು, "ಅಯ್ಯೋ, ಅದೆಂಗಕ್ಕ, ಹೇಳ್ರಿ ಹೇಳ್ರಿ" ಎಂದು ಜಗಲಿಯ ಮೇಲೆ ಜಾಗ ಮಾಡಿಕೊಂಡಳು. ಉಳಿದವರೂ ಕೂತರು. ಬಾಯಿ ಬಿಡುವ ಮೊದಲು ಒಮ್ಮೆ ಮಗಳ ಕಡೆ ನೋಡಿದೆ. ಅವಳೂ ಬಂದು ನನಗೆ ಒತ್ತಿಕೊಂಡು ಕೂತು, "ವಿಷಲ್ ಕಚ್ಕಂಡು ಹೋಗಿದ್ದು ಬಿಡಬ್ಯಾಡವ್ವ" ಅಂದಳು.