ಬಂದೂಕಿನಲ್ಲಿ ಸಿಕ್ಕ ಅಗಸೆ

ಮೊನ್ನೆ ನಮ್ಮ ಊಟದ ಮೇಜಿಗೆ ಪಾಲಿಶ್ ಹಾಕಲು ಬಂದವನು ಎಣ್ಣೆ ಡಬ್ಬಿಯ ಮುಚ್ಚಳ ತೆಗೆದ. ಅಗಸೆ ಎಣ್ಣೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಿಂತಲ್ಲೇ ನಗತೊಡಗಿದೆ. ಪಾಪ, ಕೆಲಸದಲ್ಲಿ ಏನೋ ತಪ್ಪಾಯಿತೆಂದು ಅವನು ಗಾಬರಿಯಾದ. ನನಗೆ ನೆನಪಾದದ್ದು ಪಕ್ಕದ ಮನೆಯ ಕಾಕು...

ಎಂಬತ್ತರ ದಶಕ. ಅಮೆರಿಕದ ಸ್ಯಾನ್ ಹೋಸೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಹೊಸದಾಗಿ ಸಂಸಾರ ಹೂಡಿದ್ದೆವು. ಕಾಕು ಮಗಳ ಬಾಣಂತನಕ್ಕೆಂದು ಧಾರವಾಡದಿಂದ ಪಕ್ಕದ ಮನೆಗೆ ಬಂದಿಳಿದಿದ್ದರು. ಬಸುರಿ ಮಗಳಿಗೆ ಒಂದೇ ಬಯಕೆ: ಅಗಸಿ ಹಿಂಡಿ, ಅಂದರೆ ಅಗಸೆಬೀಜದ ಚಟ್ನಿಪುಡಿ. ಊರಿನಿಂದ ತಂದಿದ್ದ ಬೀಜದ ಗಂಟನ್ನು ಏರ್‌ಪೋರ್ಟಿನವರು ಕಿತ್ತಿಟ್ಟುಕೊಂಡಿದ್ದರು. ನಮಗೆ ಗೊತ್ತಿದ್ದ ಒಂದೇ ಇಂಡಿಯನ್ ಗ್ರೋಸರಿಯಲ್ಲಿ ಅದು ಸಿಗುತ್ತಿರಲಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನಮಗೂ ತಿಳಿದಿರಲಿಲ್ಲ. ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂದು ಕಾಕು ಕೊರಗುತ್ತಿದ್ದರು. ಮಗಳು ಊಟದ ತಟ್ಟೆ ಪಕ್ಕಕ್ಕೆ ಸರಿಸಿದಾಗಲೆಲ್ಲ ಅವರ ಕಣ್ಣಲ್ಲಿ ನೀರು.

ಇದೇ ವೇಳೆಗೆ ನನ್ನ ಗಂಡನ ಮ್ಯಾನೇಜರು ನಮ್ಮನ್ನು ಒಂದು ಲಾಂಗ್‌ರೈಫಲ್ ಪ್ರದರ್ಶನಕ್ಕೆ ಕರೆದರು. ಲಾಂಗ್‌ರೈಫಲ್ ಎಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ, ಆಳುದ್ದದ ಹಳೇ ಕಾಲದ ಬಂದೂಕು. ಅಂಥದನ್ನು ಮನೆಯಲ್ಲೇ ಕೂತು ಕೈಯಿಂದ ಮಾಡುವ ಹುಚ್ಚು ಅವರಿಗೆ.

“ಮ್ಯಾನೇಜರು ಕರೆದ್ಮೇಲೆ ಹೋಗದೇ ಇರೋಕಾಗತ್ತಾ?” ಎಂದರು ನನ್ನವರು.

“ನಾನೂ ಬರ್ತೀನಿ. ಮನ್ಯಾಗ ಕೂತು ಕೂತು ಬ್ಯಾಸರಾಗೇದ,” ಎಂದ ಕಾಕು, ಇಳಕಲ್ ಸೀರೆಯ ಮೇಲೆ ಅಳಿಯನ ಸ್ವೆಟರ್ ಏರಿಸಿ ಕಾರು ಹತ್ತಿದರು.

ಅಲ್ಲಿ ಎಲ್ಲಿ ನೋಡಿದರೂ ಗಡ್ಡದವರು, ಚರ್ಮದ ಅಂಗಿಯವರು. ಗೋಡೆಗುಂಟ ಅವರ ಮುತ್ತಜ್ಜಂದಿರ ಕಾಲದ ಬಂದೂಕುಗಳು. ಮ್ಯಾನೇಜರು ತಾವು ಮಾಡಿದ ಹೊಸದನ್ನು ಮಖಮಲ್ಲಿನ ಮೇಲೆ ಮಲಗಿಸಿದ್ದರು. ಮುಟ್ಟಬಾರದೆಂಬ ಬೋರ್ಡು ಬೇರೆ. ಅದರ ಮರಕ್ಕೆ ವಾರಗಟ್ಟಲೆ ಅಂಗೈಯಿಂದಲೇ ಎಣ್ಣೆ ತಿಕ್ಕಿದ್ದನ್ನು ಅವರು ವರ್ಣಿಸುತ್ತಿದ್ದರು. ನನ್ನ ಗಂಡ ಗರ್ಭಗುಡಿಯ ಮುಂದೆ ನಿಂತವರ ಹಾಗೆ ಕೈಕಟ್ಟಿ ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಕಾಕು ಮೂಗು ಅರಳಿಸಿದರು. ನಾನು ತಡೆಯುವಷ್ಟರಲ್ಲಿ ಮುಂದೆ ಬಗ್ಗಿ, ಬಂದೂಕಿನ ಮರದ ಹಿಡಿಗೆ ಮೂಗು ತಾಗಿಸಿಯೇಬಿಟ್ಟರು.

“ಅಗಸಿ!”

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು.

“ಏನವಾ ಇದು! ಇವರು ಬಂದೂಕಿಗೆ ಅಗಸಿ ಎಣ್ಣಿ ಬಳಿತಾರ, ನನ್ನ ಮಗಳ ಬಾಯಿಗೆ ಒಂದು ಚಿಟಿಕಿ ಹಿಂಡಿ ಇಲ್ಲ!”

ಏನಂತೆ ಎಂದು ಮ್ಯಾನೇಜರು ಕೇಳಿದರು. ಹೇಳಬೇಡ ಎಂದು ಗಂಡ ಕಣ್ಣು ಬಿಟ್ಟರು. ನಾನು ಹೇಳಿಬಿಟ್ಟೆ: ನಿಮ್ಮ ಬಂದೂಕು ಚಟ್ನಿಯ ಹಾಗೆ ಘಮಘಮಿಸುತ್ತಿದೆಯಂತೆ! ಬಸುರಿ ಬಯಕೆಯ ಕಥೆಯನ್ನೂ ಸೇರಿಸಿದೆ. ಅವರು ನಗಲಿಲ್ಲ. ಮರಕ್ಕೆ ಹಚ್ಚುವ ಎಣ್ಣೆಯನ್ನು ಮಾತ್ರ ಯಾರೂ ತಿನ್ನಬಾರದು ಎಂದು ಗಂಭೀರವಾಗಿ ಎಚ್ಚರಿಸಿದರು. ಬೀಜವೇ ಬೇಕಿದ್ದರೆ ಲಾಸ್ ಗ್ಯಾಟೋಸ್‌ನ ಮೇವಿನ ಅಂಗಡಿಯಲ್ಲಿ ಸಿಗುತ್ತದೆ, ಮೈ ಹೊಳೆಯಲೆಂದು ತಮ್ಮ ಕುದುರೆಗೆ ಅದನ್ನೇ ಬೇಯಿಸಿ ಹಾಕುವುದು, ಎಂದರು.

ಅಳುಕುತ್ತಲೇ ಅದನ್ನು ಕಾಕುವಿಗೆ ತಿಳಿಸಿದೆ.

“ಕುದುರಿಗೆ ನಡೀತದಂದ್ರ ನನ್ನ ಮಗಳಿಗೂ ನಡೀತದ. ಗಾಡಿ ತಿರುಗಸ್ರಿ!”

ಉಳಿದ ಬಂದೂಕುಗಳನ್ನು ನಾವು ನೋಡಲೇ ಇಲ್ಲ.

ಸಂಜೆ ಅಗಸೆ ಹುರಿದ ಹೊಗೆಗೆ ಅಪಾರ್ಟ್‌ಮೆಂಟಿನ ಅಲಾರ್ಮು ಬಾಯಿ ಬಡಿದುಕೊಳ್ಳತೊಡಗಿತು. ಮಗಳು ಅದರ ಕೆಳಗೇ ನಿಂತು, ಬಿಸಿ ಅನ್ನಕ್ಕೆ ಹಿಂಡಿ ಕಲೆಸಿಕೊಂಡು, ಮತ್ತೆ ಮತ್ತೆ ಹಾಕಿಸಿಕೊಂಡು ತಿಂದಳು. ಕಾಕು ಸೆರಗು ಬೀಸುತ್ತ ಕಣ್ಣೊರೆಸಿಕೊಂಡರು. ಹೊಗೆಗೆ ಅಂದರು... ಮ್ಯಾನೇಜರಿಗೂ ಒಂದು ಬಾಟಲಿ ಹಿಂಡಿ ಹೋಯಿತು. ಅವರು ತಾವೇ ತಿಂದರೋ ಕುದುರೆಗೆ ಹಾಕಿದರೋ, ಕೇಳುವ ಧೈರ್ಯ ನನ್ನವರಿಗೆ ಬರಲಿಲ್ಲ.

ಹುಟ್ಟಿದ ಮಗುವಿನ ಕಿವಿಯೇನೂ ಸೋರಲಿಲ್ಲ. ಈಗ ಅವನ ಕಿವಿಯಲ್ಲಿ ಸದಾ ಇಯರ್‌ಫೋನು; ಯಾರು ಕರೆದರೂ ಕೇಳಿಸುವುದಿಲ್ಲ, ಅಷ್ಟೇ.

ಕಾಕು ಧಾರವಾಡಕ್ಕೆ ಮರಳಿ, ಕೆಲವು ವರ್ಷಗಳ ಮೇಲೆ ಅಲ್ಲೇ ತೀರಿಕೊಂಡರು... ಈಗ ಇಲ್ಲಿನ ಯಾವ ಗ್ರೋಸರಿಗೆ ಹೋದರೂ ಅಗಸೆಬೀಜ ಚೀಲಗಟ್ಟಲೆ ಸಿಗುತ್ತದೆ. ಪಾಲಿಶಿನವನು ಹೋದಮೇಲೆ ನಾನೂ ಒಂದು ಚೀಲ ತಂದು, ಹುರಿದು, ಪುಡಿ ಮಾಡಿದೆ. ಬಾಯಿಗಿಟ್ಟರೆ, ಕಾಕು ಮಾಡುತ್ತಿದ್ದದ್ದು ಇದಲ್ಲ. ಎವರ್‌ಗ್ರೀನ್ ಬಡಾವಣೆಯಲ್ಲಿರುವ ಕಾಕುವಿನ ಮಗಳಿಗೆ ಫೋನು ಮಾಡಿ, “ಕಾಕು ಇದಕ್ಕೆ ಇನ್ನೇನು ಹಾಕ್ತಿದ್ರು?” ಎಂದು ಕೇಳಿದೆ.



“ನಾ ಕೇಳೇ ಇಲ್ಲ ನೋಡು... ಈಗ ತಿನಬೇಕು ಅನಸ್ತದ,” ಎಂದಳು.

ನನಗೂ ಅನಿಸಿತು. ಕಾಕು ಬೇಕು ಅನಿಸಿತು. ಫೋನಿಟ್ಟು, ಎಣ್ಣೆ ಇನ್ನೂ ಆರದ ಮೇಜಿನ ಮುಂದೆ ಬಗ್ಗಿ, ಮರಕ್ಕೆ ಮೂಗು ತಾಗಿಸಿದೆ.